ಓರ್ಲಿತ್ಸಾದ ಮೂರು ಉದ್ದ ಕೂಗು

“ಸಹಿ ಹಾಕಿಬಿಡಿ ಡಾಕ್ಟರಮ್ಮ. ಯಂತ್ರ ಹೇಳಿಯಾಯ್ತು. ಇನ್ನು ಮನುಷ್ಯರು ಬಾಯಿ ಮುಚ್ಕೊಂಡಿದ್ರೆ ಮರ್ಯಾದೆ.”

ಹೀಗೆಂದು ಕ್ಯಾಪ್ಟನ್ ತಾರ್ವೊ ಉದ್ದನೆಯ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಹಾಸಿದ. ಕೊನೆಯ ಸಾಲಿನ ಕೆಳಗೆ ತನ್ನ ಚಿನ್ನದ ಮುಚ್ಚಳದ ಪೆನ್ನು ಇಟ್ಟ.

ಆ ಸಾಲು ಇಷ್ಟೇ: ದಾರಿ ಬಿಡಬೇಕಾಗಿದ್ದ ನೌಕೆ ರೊಝಾಲ್ಯಾ. ಬಿಡಲಿಲ್ಲ. ತಪ್ಪು ರೊಝಾಲ್ಯಾದ್ದು.

ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದ ಕುರ್ಚಿಯಲ್ಲಿ ಕಪ್ಪು ಬಟ್ಟೆ ಉಟ್ಟು ಕೂತಿದ್ದ, ಊರ ನಂಟಿನಲ್ಲಿ ನನ್ನನ್ನು ಅತ್ತೆ ಅನ್ನುವ ಬ್ರಿಗೀದಾ ಅದನ್ನು ಎರಡು ಸಲ ಓದಿದಳು. ಅವಳ ಗಂಡ ಫೆಲಿಕ್ಸ್ ಸತ್ತು ಅವತ್ತಿಗೆ ಇಪ್ಪತ್ಮೂರು ದಿನ. ಅವನ ಸಾವಿಗೆ ಅವಳಪ್ಪನೇ ಕಾರಣ ಅಂತ ಆ ಸಾಲಿನ ಅರ್ಥ.

ನಡೆದದ್ದನ್ನು ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. ಹಾಡುಹಗಲಲ್ಲಿ, ತಿಳಿ ಆಕಾಶದ ಕೆಳಗೆ, ‘ಓರ್ಲಿತ್ಸಾ’ ಅನ್ನೋ ಸರಕು ಹಡಗು ನಮ್ಮೂರು ಮೆವ್ಕಾದ ಮೀನುದೋಣಿ ‘ರೊಝಾಲ್ಯಾ’ದ ಮೇಲೆ ಹತ್ತಿತ್ತು, ದೋಣಿಯ ಯಜಮಾನ ಔಗುಸ್ತಿನ್ ಬುಜಿಷ್ ಬದುಕಿದ, ಅಳಿಯ ಫೆಲಿಕ್ಸ್ ಮುಳುಗಿದ. ನಾಳೆ ಹತ್ತಕ್ಕೆ ಸಮುದ್ರ ನ್ಯಾಯಮಂಡಳಿಯ ತೀರ್ಪು. ಈ ಕಾಗದಕ್ಕೆ ಸಹಿ ಬಿದ್ದರೆ ಅರವತ್ತೊಂದು ವರ್ಷದ ಔಗುಸ್ತಿನಣ್ಣ ಅಳಿಯನನ್ನು ಕೊಂದವನು ಅನ್ನಿಸಿಕೊಂಡು ಜೈಲಿಗೆ ಹೋಗುತ್ತಾನೆ.

ಆ ಮುದುಕ ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ. ಮಗಳು ಅವನ ಮುಖ ನೋಡೋಕೂ ಒಪ್ಪಿರಲಿಲ್ಲ.

“ಒಂದು ನಿಮಿಷ ತಡೀರಿ ಕ್ಯಾಪ್ಟನ್ ಸಾಹೇಬ್ರೇ,” ಅಂದೆ. “ಸಹಿ ಎಲ್ಲಿಗೂ ಓಡಿಹೋಗಲ್ಲ.”

“ನೀವು ಯಾರಂತ ಇಲ್ಲಿ?”

“ಗೆರ್ತ್ರುದಾ ಕೊಂಕೆಲ್. ಹದಿನೆಂಟು ವರ್ಷ ಪೊಲೀಸ್ ಕೆಲಸ ಮಾಡಿ, ಮೇಲಿನೋರ ಜೊತೆ ಜಗಳ ಆಡಿ ಹೊರಗೆ ಬಂದೋಳು. ಈಗ ಸ್ವಂತ ಪತ್ತೇದಾರಿ. ಈ ಹುಡುಗಿ ಕರೆದ್ಲು, ಬಂದೆ.”

“ಓ, ಪತ್ತೇದಾರಿಣಿ!” ತಾರ್ವೊ ನಕ್ಕ. “ಮೆವ್ಕಾದೋರಾ? ಹಾಗಾದ್ರೆ ನೀವೂ ಬಂದು ಸಾಕ್ಷಿ ಹೇಳಿ. ಈಗಾಗ್ಲೇ ಹನ್ನೊಂದು ಜನ ಹೇಳಿ ನಗೆಪಾಟಲಾಗಿದಾರೆ. ನೀವು ಹನ್ನೆರಡನೆಯವರು.”

ಆ ಏಟು ಸರಿಯಾಗೇ ತಗಲಿತು. ಯಾಕೆಂದರೆ ಅಷ್ಟು ಮಾತ್ರ ಅವನು ಹೇಳಿದ್ದು ನಿಜ.

ನಮ್ಮೂರವರದ್ದು ಒಂದು ಕೆಟ್ಟ ಚಾಳಿ. ಮೀನು ಹಿಡಿಯುತ್ತಿರುವ ದೋಣಿ ತನ್ನ ಕಂಬಕ್ಕೆ ಎರಡು ಕಪ್ಪು ಶಂಕು, ಅಂದರೆ ಲಾಳಿಕೆಯಾಕಾರದ ಗುರುತು, ಕಟ್ಟಬೇಕು, ಮೂತಿಗೆ ಮೂತಿ ಸೇರಿಸಿ. ಅದನ್ನು ಕಂಡರೆ ದೊಡ್ಡ ಹಡಗು ದಾರಿ ಬಿಡಬೇಕು. ಬಲೆ ಎಳೆದುಕೊಂಡ ಮೇಲೆ ಶಂಕು ಇಳಿಸಬೇಕು ಅನ್ನೋದೂ ಕಾನೂನೇ. ಮೆವ್ಕಾದಲ್ಲಿ ಯಾರೂ ಇಳಿಸುವುದಿಲ್ಲ. ಮೀನಿಗೆ ಹೋಗುವಾಗಲೂ ಶಂಕು, ಬರುವಾಗಲೂ ಶಂಕು, ದಡದಲ್ಲಿ ದೋಣಿ ಕಟ್ಟಿಹಾಕಿದಾಗಲೂ ಶಂಕು. ‘ಯಾರು ದಿನಾ ಹತ್ತಿಸಿ ಇಳಿಸ್ತಾರೆ’ ಅಂತ ಸೋಮಾರಿತನ.

ಅಪಘಾತ ಆದ ಮೇಲೆ ಊರಿನ ಹನ್ನೊಂದು ಜನ ಮಂಡಳಿಯ ಮುಂದೆ ಹೋಗಿ ಎದೆ ತಟ್ಟಿ ಹೇಳಿದರು: “ರೊಝಾಲ್ಯಾದಲ್ಲಿ ಶಂಕು ಕಟ್ಟಿತ್ತು. ಅಂದ್ಮೇಲೆ ಔಗುಸ್ತಿನ್ ಮೀನು ಹಿಡೀತಿದ್ದ. ಅಂದ್ಮೇಲೆ ಹಡಗಿನದೇ ತಪ್ಪು.” ಮರುದಿನ ಮುಳುಗುಗಾರರು ದೋಣಿಯ ಬಲೆಯನ್ನು ಮೇಲೆ ತಂದರು. ಒಣಗಿಸಿ ಮಡಿಸಿ ಕಟ್ಟಿಟ್ಟ ಬಲೆ! ಮೀನೂ ಇಲ್ಲ, ಮಣ್ಣೂ ಇಲ್ಲ. ಹನ್ನೊಂದು ಜನ ಸುಳ್ಳುಗಾರರಾದರು, ಅವರ ಜೊತೆ ಔಗುಸ್ತಿನಣ್ಣನೂ. ಪಾಪ, ಅವನಾಗಿ ಮೀನು ಹಿಡೀತಿದ್ದೆ ಅಂತ ಒಂದು ಸಲವೂ ಹೇಳಿರಲಿಲ್ಲ. ಬಲೆ ಸಿಕ್ಕ ದಿನ ಎದ್ದು ನಿಂತು, “ತಪ್ಪು ನಂದೇ, ಚುಕ್ಕಾಣಿ ನನ್ನ ಕೈಲೇ ಇತ್ತು, ಶಂಕು ಇಳಿಸ್ತಾ ಇದ್ದೋನೂ ನಾನೇ,” ಅಂದುಬಿಟ್ಟ.

“ಮಳೆ ಬಂದ್ರೆ ಕೊಡೆ ಹಿಡೀತೀವಿ,” ಅಂದರು ಅಷ್ಟು ಹೊತ್ತು ಸುಮ್ಮನಿದ್ದ ಡಾಕ್ಟರ್ ಲೆಯೊಕಾದಿಯಾ. “ಹಾಗಂತ ಕೊಡೆ ಹಿಡಿದೋರ ತಲೆ ಮೇಲೆಲ್ಲ ಮಳೆ ಸುರೀತಿದೆ ಅನ್ನೋಕಾಗುತ್ತಾ? ನಿಮ್ಮೂರೋರು ಮಾಡಿದ್ದು ಅದೇ ತಪ್ಪು.”

ಸಣ್ಣ ಹೆಂಗಸು. ತೋಳಿನ ತುಂಬ ಸೀಮೆಸುಣ್ಣದ ಪುಡಿ. ಗ್ದಿನ್ಯಾದ ನೌಕಾ ವಿದ್ಯಾಲಯದಲ್ಲಿ ತರ್ಕಶಾಸ್ತ್ರ ಕಲಿಸುತ್ತಾರೆ. ಹನ್ನೊಂದು ವರ್ಷ ಕೂತು ಸಮುದ್ರದ ಸಂಚಾರ ನಿಯಮಗಳನ್ನೆಲ್ಲ ಬಿಡಿಸಿ, ‘ಹೀಗಿದ್ದರೆ ಹಾಗೆ’ ಅನ್ನೋ ನಾನೂರ ಹನ್ನೆರಡು ಕಾರ್ಡುಗಳನ್ನಾಗಿ ಮಾಡಿದ್ದಾರೆ. ಒಂದು ಕಾರ್ಡಿಗೆ ಒಂದೇ ಮಾತು. ಅದಕ್ಕೆ ಉತ್ತರ ಹೌದು, ಅಲ್ಲ, ಇಲ್ಲವೇ ಗೊತ್ತಿಲ್ಲ. ಈಗ ಅದೆಲ್ಲ ಮೂಲೆಯ ಕಂಪ್ಯೂಟರಿನಲ್ಲೂ ಇದೆ. ಅದು ಪ್ರಶ್ನೆ ಕೇಳುತ್ತೆ, ನಾವು ಉತ್ತರ ಒತ್ತಬೇಕು, ಕೊನೆಗೆ ತಪ್ಪು ಯಾರದ್ದು ಅಂತ ಕಾಗದದಲ್ಲಿ ಹೊರಗೆ ಬರುತ್ತೆ. ವಕೀಲರು ಮೂರು ದಿನ ಕಿತ್ತಾಡುವುದನ್ನು ಅದು ಕಾಫಿ ಆರುವುದರೊಳಗೆ ಮುಗಿಸುತ್ತೆ.

“ನೋಡಿದ್ರಾ, ಡಾಕ್ಟರಮ್ಮನೇ ಹೇಳ್ತಿದಾರೆ,” ಅಂದ ತಾರ್ವೊ. “ನಂಗೆ ಯಾರ ಮೇಲೂ ದ್ವೇಷ ಇಲ್ಲ. ನಾನು ಮಂಡಳಿ ನೇಮಿಸಿದ ಸ್ವತಂತ್ರ ತಜ್ಞ. ಹಡಗಿನ ಕಂಪನಿಗೂ ನಂಗೂ ಏನೂ ನಂಟಿಲ್ಲ. ಅವತ್ತು ನಾನು ಈ ಊರಲ್ಲೇ ಇರ್ಲಿಲ್ಲ ಕಣ್ರೀ, ಶ್ಚೆಚಿನ್‌ನಲ್ಲಿ ಸೊಸೆ ಮನೇಲಿ ಪ್ಲಮ್ ಕೇಕ್ ತಿಂತಾ ಇದ್ದೆ.”

ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. ಆಕೆಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಮಂಡಳಿ ನಾಳೆ ಒಪ್ಪಿದರೆ ಹನ್ನೊಂದು ವರ್ಷದ ದುಡಿಮೆಗೆ ಮೊದಲ ಸಲ ಬೆಲೆ ಬರುತ್ತಿತ್ತು.

ಸಹಿ ಹಾಕುವ ಮುಂಚೆ ಆಕೆ ಕಾಗದವನ್ನು ಮೊದಲಿಂದ ಓದಿದರು. ಅಭ್ಯಾಸಬಲ. ಬೆರಳು ಒಂದೊಂದೇ ಸಾಲಿನ ಮೇಲೆ ಇಳಿಯಿತು. ನಾಲ್ಕು, ಐದು, ಆರು. ಅಲ್ಲಿ ನಿಂತಿತು.

“ಏಳು ಎಲ್ಲಿ?” ಅಂದರು.

“ಏನು?”

“ಆರನೇ ಪ್ರಶ್ನೆ ಆದ್ಮೇಲೆ ಎಂಟು ಇದೆ. ಏಳನೇ ಪ್ರಶ್ನೆ ಎಲ್ಲಿ ಕ್ಯಾಪ್ಟನ್ರೇ?”

“ಪ್ರಿಂಟರಿಗೆ ವಯಸ್ಸಾಗಿದೆ. ಒಂದು ಸಾಲು ನುಂಗಿರ್ಬೇಕು.”

“ನನ್ನ ಪ್ರಿಂಟರ್ ಅಕ್ಷರ ನುಂಗುತ್ತೆ, ಸಾಲು ನುಂಗಲ್ಲ. ಇದನ್ನ ಓಡಿಸಿದ ಫ್ಲಾಪಿ ಕೊಡಿ.”

ತಾರ್ವೊ ಕೊಡಲಿಲ್ಲ. ಅವನ ಚೀಲದ ಬಾಯಿ ತೆರೆದೇ ಇತ್ತು, ನಾನೇ ಕೈಹಾಕಿ ತೆಗೆದುಕೊಟ್ಟೆ. ಪೊಲೀಸ್ ಕೆಲಸ ಬಿಟ್ಟರೂ ಆ ಬುದ್ಧಿ ಬಿಡಲ್ಲ.

“ರೀ! ಏನ್ರೀ ಇದು ಅನಾಗರಿಕತನ!” ಅಂತ ಅವನು ಎದ್ದ.

“ಕೂತ್ಕೊಳ್ಳಿ ಸ್ವಾಮಿ. ಸ್ವತಂತ್ರ ತಜ್ಞರಿಗೆ ಫ್ಲಾಪಿ ಅಂದ್ರೆ ಯಾಕೆ ಇಷ್ಟು ಗಾಬರಿ?”

ಡಾಕ್ಟರಮ್ಮ ಅದನ್ನು ಯಂತ್ರಕ್ಕೆ ತುರುಕಿ ಎರಡು ನಿಮಿಷ ನೋಡಿದರು. ಆಕೆಯ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು.

“ಇದು ನಾನು ಕೊಟ್ಟ ಪ್ರತಿ ಅಲ್ಲ. ಇದರಲ್ಲಿ ನಾನೂರ ಹನ್ನೊಂದೇ ಇದೆ. ಯಾರೋ ಏಳನೇ ಕಾರ್ಡನ್ನ ಕಿತ್ತು ಹಾಕಿದಾರೆ.”

“ಏನಮ್ಮಾ ಅದು ಏಳನೇ ಕಾರ್ಡು?” ಬ್ರಿಗೀದಾ ಅವತ್ತು ಬಾಯಿ ಬಿಟ್ಟದ್ದು ಅದೇ ಮೊದಲು.

ಡಾಕ್ಟರಮ್ಮ ಮರದ ಪೆಟ್ಟಿಗೆಯಿಂದ ಮೂಲ ಕಾರ್ಡು ತೆಗೆದು ಅವಳ ಮುಂದೆ ಇಟ್ಟರು. “ನೋಡು ಮಗಳೇ, ಬಲಗಡೆಯಿಂದ ಅಡ್ಡ ಬರೋ ಹಡಗಿಗೆ ನಾವು ದಾರಿ ಬಿಡಬೇಕು. ಅದು ಒಂದು ನಿಯಮ. ಆದ್ರೆ ಹಿಂದಿನಿಂದ ಬಂದು ದಾಟೋ ಹಡಗು, ತಾನೇ ಸುತ್ತಿ ಹೋಗಬೇಕು. ಇದು ಇನ್ನೊಂದು. ಹಿಂದಿನಿಂದ ಬಂದದ್ದು ಪಕ್ಕಕ್ಕೆ ಬಂದ ಕೂಡ್ಲೇ, ‘ಈಗ ನಾನು ನಿನ್ನ ಬಲಗಡೆ ಇದೀನಿ, ನೀನೇ ದಾರಿ ಬಿಡು’ ಅನ್ನೋ ಹಾಗಿಲ್ಲ. ಮೊದಲು ಕಂಡಾಗ ಎಲ್ಲಿತ್ತೋ ಅದೇ ಲೆಕ್ಕ. ಅದಕ್ಕೇ ಏಳನೇ ಪ್ರಶ್ನೆ: ಮೊದಲು ಕಂಡಾಗ ಹಡಗು ಎಲ್ಲಿತ್ತು?”

“ಇವರು ಕೊನೇ ಆರು ನಿಮಿಷ ಮಾತ್ರ ತೋರಿಸಿದಾರೆ,” ಅಂದೆ ನಾನು, ಕಾಗದ ನೋಡುತ್ತ. “ಹಡಗು ಪಕ್ಕಕ್ಕೆ ಬಂದ ಮೇಲಿಂದ. ಅದಕ್ಕೆ ಮುಂಚೆ ಎಲ್ಲಿತ್ತು ಅಂತ ಯಂತ್ರ ಕೇಳ್ಲೇಬಾರ್ದು ಅಂತ ಅದರ ನಾಲಿಗೇನೇ ಕತ್ತರಿಸಿದಾರೆ.”

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತಾರಲ್ಲ, ಹಾಗೆ. ಅದೂ ಎಂಥ ಮೇಕೆ! ಮಾತಾಡೋಕೆ ಬಾರದ, ಪಡಸಾಲೆಯಲ್ಲಿ ಟೋಪಿ ಹಿಡಿದು ಕೂತ ಮುದಿ ಮೇಕೆ.

“ಅದು ಯಾರಿಗೂ ಗೊತ್ತಿಲ್ಲದ ವಿಷಯ,” ಅಂದ ತಾರ್ವೊ. ಅವನ ದನಿ ಇನ್ನೂ ತಣ್ಣಗಿತ್ತು. “ಗೊತ್ತಿಲ್ಲದ್ದನ್ನ ಕೇಳಿ ಏನು ಪ್ರಯೋಜನ ಅಂತ ತೆಗೆದೆ. ಕೆಲಸ ಹಗುರ ಮಾಡಿದೆ, ಅಷ್ಟೇ.”

“ಗೊತ್ತಿಲ್ಲ ಅಂತ ಒತ್ತಬಹುದಿತ್ತು,” ಅಂದರು ಡಾಕ್ಟರಮ್ಮ. “ಒತ್ತಿದ್ರೆ ಏನಾಗುತ್ತೆ ತೋರಿಸ್ಲಾ?”

ಆಕೆ ತಮ್ಮ ಸ್ವಂತ ಪ್ರತಿ ಹಾಕಿ, ತಾರ್ವೊ ಕೊಟ್ಟಿದ್ದ ಉತ್ತರಗಳನ್ನೇ ಒತ್ತುತ್ತ ಬಂದರು. ಏಳಕ್ಕೆ ಮಾತ್ರ ‘ಗೊತ್ತಿಲ್ಲ’. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಸಂಶಯವಿದ್ದರೆ ಹಿಂದಿನಿಂದ ಬಂದ ಹಡಗೆಂದೇ ತಿಳಿಯತಕ್ಕದ್ದು.

“ಇದು ನನ್ನ ದಯೆ ಅಲ್ಲ ಕ್ಯಾಪ್ಟನ್ರೇ. ನಿಯಮದಲ್ಲೇ ಇರೋ ಮಾತು. ನಲವತ್ತು ವರ್ಷ ಸಮುದ್ರದಲ್ಲಿದ್ದೋರಿಗೆ ನಾನು ಹೇಳ್ಕೊಡ್ಬೇಕಾ? ಹನ್ನೊಂದು ವರ್ಷ ರೀ! ಮಕ್ಕಳು ಮರಿ ಅನ್ನದೆ ಇದನ್ನ ಕಟ್ಟಿದೀನಿ, ಬಡವನ ಪರ ಶ್ರೀಮಂತನ ಪರ ಅಂತ ಇಲ್ದೆ ಒಂದೇ ತಕ್ಕಡಿ ಇರ್ಲಿ ಅಂತ. ನೀವು ತಕ್ಕಡಿ ಕೆಳಗೆ ಕಲ್ಲು ಅಂಟಿಸಿ ತಂದು ನನ್ನ ಸಹಿ ಕೇಳ್ತೀರಾ?”

“ಸಾಕು ಭಾಷಣ,” ಅಂದ ತಾರ್ವೊ. “ಮುದುಕ ತಪ್ಪೊಪ್ಪಿಕೊಂಡಾಗಿದೆ. ಮಂಡಳಿಗೆ ನಿಮ್ಮ ಸಂಶಯ ಬೇಕಾಗಿಲ್ಲ. ಹಡಗು ಎಚ್ಚರಿಕೆ ಕೊಟ್ಟಿದೆ, ಹಾರ್ನ್ ಹೊಡೆದಿದೆ, ಇವರ ದೋಣಿ ಅಲ್ಲಾಡ್ಲಿಲ್ಲ. ಅದಕ್ಕೇನಂತೀರಿ?”

“ಆ ಪ್ರಶ್ನೇನೂ ಇದೆ. ಮೂವತ್ತೊಂದನೇದು,” ಅಂದು ಡಾಕ್ಟರಮ್ಮ ಒತ್ತಿದರು. “ಎಷ್ಟು ಸಲ ಹಾರ್ನ್?”

“ಮೂರು. ಕಂಪನಿಯ ಹೇಳಿಕೇಲಿ ಬರೆದಿದೆ, ಓದ್ಕೊಳ್ಳಿ. ಮೂರು ಸಲ ಎಚ್ಚರಿಕೆ.”

“ಉದ್ದವೋ ಗಿಡ್ಡವೋ?”

ತಾರ್ವೊ ಹೇಳಿಕೆಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದ. “ಗಿಡ್ಡ.”

ಆಕೆ ಒತ್ತಿದರು. ಪರದೆ ಹೇಳಿತು: ಮೂರು ಗಿಡ್ಡ ಕೂಗು ಅಂದರೆ ‘ನನ್ನ ಎಂಜಿನ್ ಹಿಂದಕ್ಕೆ ಓಡುತ್ತಿದೆ’. ಇದು ಹತ್ತೊಂಬತ್ತನೇ ಉತ್ತರದೊಂದಿಗೆ ನಿಲ್ಲುವುದಿಲ್ಲ.

“ಹತ್ತೊಂಬತ್ತರಲ್ಲಿ ಏನಿದೆ?” ಅಂತ ಕೇಳಿದೆ.

“ಎಂಜಿನ್ ಪೂರ್ತಿ ಮುಂದಕ್ಕೆ ಓಡ್ತಾ ಇತ್ತು ಅಂತ ಇವರೇ ಒತ್ತಿದಾರೆ. ಎರಡೂ ಒಟ್ಟಿಗೆ ನಿಜ ಆಗಲ್ಲ. ಎಚ್ಚರಿಕೆ ಅಂದ್ರೆ ಕಮ್ಮಿ ಅಂದ್ರೂ ಐದು ಗಿಡ್ಡ ಕೂಗು ಬೇಕು. ಮೂರಲ್ಲ.”

“ಉದ್ದ,” ಅಂದಳು ಬ್ರಿಗೀದಾ.

ಮೂವರೂ ಅವಳ ಕಡೆ ತಿರುಗಿದೆವು. ಅವಳು ಏಳನೇ ಕಾರ್ಡನ್ನು ಕೈಯಲ್ಲೇ ಹಿಡಿದಿದ್ದಳು.

“ಮೂರೂ ಉದ್ದ. ನಾನು ಕೇಳಿದೀನಿ. ಅಂಗಳದಲ್ಲಿ ಮೀನು ಹೊಗೆಗಿಡೋ ಗೂಡಿನ ಹತ್ರ ಮೀನು ಪೋಣಿಸ್ತಾ ಇದ್ದೆ. ಅಲ್ಲಿಂದ ಸಮುದ್ರ ಕಾಣುತ್ತೆ.”

“ಮತ್ತೆ ಯಾರಿಗೂ ಹೇಳ್ಲಿಲ್ವಲ್ಲೇ?” ಅಂದೆ.

“ಹಾರ್ನ್ ಕೇಳಿಸ್ತಾ ಅಂದ್ರು, ಕೇಳಿಸ್ತು ಅಂದೆ. ಎಷ್ಟು, ಎಂಥದ್ದು ಅಂತ ಯಾರು ಕೇಳಿದ್ರು ಅತ್ತೆ? ವಕೀಲ ಕೇಳಿದ್ನಾ? ಮಂಡಳಿಯೋರು ಕೇಳಿದ್ರಾ? ಇಪ್ಪತ್ಮೂರು ದಿನದಲ್ಲಿ ಕೇಳಿದ್ದು ಈ ಪೆಟ್ಟಿಗೆ ಒಂದೇ.”

ಡಾಕ್ಟರಮ್ಮ ಒತ್ತಿದರು. ಮೂರು. ಉದ್ದ. ಯಂತ್ರ ಗುರುಗುಟ್ಟಿ, ನಾನೂರ ಹನ್ನೆರಡು ಮಾತುಗಳನ್ನೂ ತಡಕಾಡಿ, ಒಂದೇ ಸಾಲು ಬರೆಯಿತು: ಈ ಕೂಗಿಗೆ ನಿಯಮದಲ್ಲಿ ಅರ್ಥವಿಲ್ಲ.

“ಹಾಗಂದ್ರೆ?” ಅಂದ ತಾರ್ವೊ.

“ಹಾಗಂದ್ರೆ, ಸಮುದ್ರದ ಕಾನೂನಲ್ಲಿ ಇಂಥ ಕೂಗೇ ಇಲ್ಲ. ಇದು ಎಚ್ಚರಿಕೇನೂ ಅಲ್ಲ, ತಿರುಗೋ ಸೂಚನೇನೂ ಅಲ್ಲ. ಇದು ಬೇರೆ ಏನೋ.”

ನಾನು ಕುರ್ಚಿಯಿಂದ ಅರ್ಧ ಎದ್ದೆ.

ಕಾನೂನಲ್ಲಿ ಇಲ್ಲ, ಸರಿ. ಮೆವ್ಕಾದಲ್ಲಿ ಇದೆ. ಹತ್ತೊಂಬತ್ತು ವರ್ಷಕ್ಕೇ ಊರು ಬಿಟ್ಟವಳು ನಾನು, ಆದರೂ ನನ್ನ ಅಣ್ಣಂದಿರು ಹೊಡೆದದ್ದನ್ನು ಕೇಳಿ ಬೆಳೆದವಳು. ದೊಡ್ಡ ಹಡಗಿನಲ್ಲಿ ಕೆಲಸಕ್ಕೆ ಸೇರಿದ ಊರಿನ ಹುಡುಗ, ಕೊಲ್ಲಿಯೊಳಗೆ ಬರುವಾಗ ಅಪ್ಪನ ದೋಣಿ ಕಂಡರೆ ಹತ್ತಿರಕ್ಕೆ ಬಂದು ಮೂರು ಸಲ ಉದ್ದಕ್ಕೆ ಹಾರ್ನ್ ಹೊಡೀತಾನೆ. ‘ಅಪ್ಪಾ, ಬಂದೆ’ ಅಂತ. ಅಪ್ಪನ ದೋಣಿ ಸುಮ್ಮನೆ ಇರುವ ಹಾಗಿಲ್ಲ. ಶಂಕುಗಳನ್ನು ಅರ್ಧಕ್ಕೆ ಇಳಿಸಿ, ಮತ್ತೆ ಮೇಲಕ್ಕೆ ಏರಿಸಬೇಕು. ‘ನೋಡಿದೆ ಮಗನೇ’ ಅಂತ ಅರ್ಥ. ಹಗ್ಗ ಎಳೆಯುವಷ್ಟು ಹೊತ್ತು ದೋಣಿ ದಾರಿ ಬದಲಿಸುವ ಹಾಗಿಲ್ಲ. ಬದಲಿಸಿದರೆ ಮಗನಿಗೆ ಅವಮಾನ.

ಮುಳುಗುಗಾರರು ತೆಗೆದ ಫೋಟೋದಲ್ಲಿ ರೊಝಾಲ್ಯಾದ ಶಂಕುಗಳು ಕಂಬದ ಅರ್ಧದಲ್ಲಿದ್ದವು. ಮೀನು ಹಿಡೀತಿದ್ದನೋ ಇಲ್ಲವೋ ಅಂತ ಇಪ್ಪತ್ಮೂರು ದಿನ ಜಗಳ ಆಡಿದರು. ಅರ್ಧದಲ್ಲಿ ಯಾಕಿದೆ ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ಮತ್ತೆ ಆ ಹಡಗಿನಲ್ಲಿ ಮೆವ್ಕಾದವನು ಒಬ್ಬನೇ. ಔಗುಸ್ತಿನಣ್ಣನ ಮಗ, ಬ್ರಿಗೀದಾಳ ತಮ್ಮ, ರೈಮುಂದ್. ಓರ್ಲಿತ್ಸಾದಲ್ಲಿ ಕಿರಿಯ ಅಧಿಕಾರಿ. ‘ಅಪಘಾತದ ಹೊತ್ತಿಗೆ ಕೆಳಗೆ ಕ್ಯಾಬಿನ್ನಿನಲ್ಲಿ ಮಲಗಿದ್ದೆ’ ಅಂತ ಬರೆದು ಸಹಿ ಹಾಕಿಕೊಟ್ಟಿದ್ದ. ತನ್ನ ಹಡಗೇ ತನ್ನಪ್ಪನ ದೋಣಿ ಮುಳುಗಿಸುವಾಗ ನಿದ್ದೆಯಲ್ಲಿದ್ದನಂತೆ ಅಂತ ಊರೆಲ್ಲ ಅಯ್ಯೋ ಪಾಪ ಅಂದಿತ್ತು.

“ನಿಂಗೆ ಗೊತ್ತಿತ್ತಾ?” ಅಂತ ಬ್ರಿಗೀದಾಳನ್ನು ಮೆಲ್ಲಗೆ ಕೇಳಿದೆ.

“ಆ ಕೂಗು ಕೇಳಿ ನಕ್ಕೆ ಅತ್ತೆ.” ಅವಳ ಕಣ್ಣಲ್ಲಿ ನೀರು ಇರಲಿಲ್ಲ, ಕೆಂಡ ಇತ್ತು. “ತಮ್ಮ ಬಂದ, ಸಾಯಂಕಾಲಕ್ಕೆ ಗಸಗಸೆ ಕೇಕ್ ಮಾಡ್ಬೇಕು ಅಂದ್ಕೊಂಡೆ. ಆಮೇಲೆ ನನ್ನ ಗಂಡನ್ನ ಹಲಗೆ ಮೇಲೆ ಹೊತ್ಕೊಂಡು ಬಂದ್ರು. ಅಪ್ಪ ತಪ್ಪು ನಂದೇ ಅಂದ. ಯಾಕಂದ ಅಂತ ನಂಗೆ ಆಗ್ಲೇ ಹೊಳೀತು. ಮಗನ್ನ ಉಳಿಸ್ಕೋಬೇಕು. ಮಗ ಅಂದ್ರೆ ಮಗ. ಅಳಿಯ ಅಂದ್ರೆ ಯಾರೋ ಹೊರಗಿನೋನು, ಸತ್ರೆ ಸತ್ತ! ಅದಕ್ಕೇ ನಾನು ಅವನ ಮುಖ ನೋಡಲ್ಲ. ಕೊಂದ ಅಂತಲ್ಲ. ಸುಳ್ಳು ಹೇಳಿ ನನ್ನ ಗಂಡನ ಸಾವನ್ನ ಮುಚ್ಚಿ ಹಾಕ್ತಿದಾನೆ ಅಂತ.”

“ನೀನಾದ್ರೂ ಹೇಳ್ಬಹುದಿತ್ತಲ್ಲ.”

“ಕೇಳಿದ್ರೆ ಹೇಳ್ತಿದ್ದೆ. ನಾನಾಗೇ ಒಡಹುಟ್ಟಿದೋನ ಹೆಸರು ಹೇಳೋಕೆ ನಾಲಿಗೆ ಹೊರಳ್ಲಿಲ್ಲ.”

“ಕಟ್ಟುಕಥೆ!” ತಾರ್ವೊ ಮೇಜು ಗುದ್ದಿದ. ಕಾಫಿ ಗ್ಲಾಸು ಹಾರಿ, ತಳದ ಪುಡಿಯೆಲ್ಲ ಅವನ ಕಾಗದದ ಮೇಲೆ ಚೆಲ್ಲಿತು. “ಕೂಗು, ನಮಸ್ಕಾರ, ಅಜ್ಜಿ ಕಥೆ! ಆ ಅಳಿಯ ಅನ್ನೋನು ಚುಕ್ಕಾಣಿ ಹತ್ರ ಇರೋದು ಬಿಟ್ಟು, ಶಂಕು ಇಳಿಸಿ ಮತ್ತೆ ಮೇಲಕ್ಕೆ ಎಳೀತಾ ಕೋತಿ ಹಾಗೆ ಕುಣೀತಾ ಇದ್ರೆ, ಸಾಯದೆ ಇನ್ನೇನಾಗ್ತಾನೆ? ಅದು ಹಡಗಿನ ತಪ್ಪಾ?”

ಸತ್ತವನನ್ನು ಅವನ ಹೆಂಡತಿಯ ಎದುರು ಕೋತಿ ಅಂದನಲ್ಲ ಅಂತ ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು.

ನನ್ನ ಕಿವಿ ನಿಮಿರಿದ್ದು ಬೇರೆ ಕಾರಣಕ್ಕೆ.

ಫೋಟೋದಲ್ಲಿ ಶಂಕು ಅರ್ಧದಲ್ಲಿತ್ತು, ಅಷ್ಟೇ. ಇಳಿಯುತ್ತಿತ್ತೋ ಏರುತ್ತಿತ್ತೋ ಫೋಟೋ ಹೇಳಲ್ಲ. ಹಗ್ಗ ಎಳೆದವನು ನಾನೇ ಅಂತ ಔಗುಸ್ತಿನಣ್ಣ ಒಪ್ಪಿಕೊಂಡಿದ್ದ. ಎಳೆದದ್ದು ಅಳಿಯ ಅಂತ ಯಾವ ಕಾಗದದಲ್ಲೂ ಇಲ್ಲ. ಇಳಿಸಿ ಮತ್ತೆ ಏರಿಸುವ ನಮ್ಮೂರ ಪದ್ಧತಿಯನ್ನು ನಾನಿನ್ನೂ ಬಾಯಿಬಿಟ್ಟು ಹೇಳೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಈ ಮನುಷ್ಯ ಯಾರೂ ಕರೆಯದೆಯೇ ಹೆಗಲು ಮುಟ್ಟಿಕೊಂಡಿದ್ದ.

“ಕ್ಯಾಪ್ಟನ್ ಸಾಹೇಬ್ರೇ,” ಅಂದೆ, ಆದಷ್ಟು ಮೆತ್ತಗೆ. “ಶ್ಚೆಚಿನ್‌ನಿಂದ ಅಷ್ಟು ಚೆನ್ನಾಗಿ ಕಾಣ್ಸುತ್ತಾ?”

ಅವನಿಗೆ ಅರ್ಥವಾಗಲು ಎರಡು ಕ್ಷಣ ಹಿಡಿಯಿತು. ಆಮೇಲೆ ಕಾಗದದ ಸುರುಳಿಯನ್ನು ಒದ್ದೆಯಾಗಿದ್ದ ಹಾಗೇ ಸುತ್ತತೊಡಗಿದ.

ನಾನು ಬಾಗಿಲು ತೆಗೆದೆ.

ಔಗುಸ್ತಿನಣ್ಣ ಬೆಂಚಿನ ಮೇಲೆ ಇದ್ದ ಹಾಗೇ ಇದ್ದ. ಕೈಯಲ್ಲಿ ನಶ್ಯ ತುಂಬಿಡುವ ಕೊಂಬು. ಬೆಳಿಗ್ಗೆ ಬಂದಾಗಲೂ ನನಗೆ ಕೊಂಬು ಚಾಚಿದ್ದ, ನಾನು ಒಂದು ಚಿಟಿಕೆ ಏರಿಸಿದ್ದೆ. ತಾನು ಮಾತ್ರ ತೆಗೆದುಕೊಂಡಿರಲಿಲ್ಲ. ಗಂಟೆಗೊಮ್ಮೆ ನಶ್ಯ ಏರಿಸದಿದ್ದರೆ ಕೈ ನಡುಗುವ ಮನುಷ್ಯ! ಆಗ ವಿಚಿತ್ರ ಅನ್ನಿಸಿತ್ತು, ಈಗ ತಿಳಿಯಿತು. ನಮ್ಮಲ್ಲಿ ಒಂದು ಮಾತಿದೆ: ನಶ್ಯ ಏರಿಸಿದವನು ಸೀನು ಬರುವವರೆಗೆ ಸುಳ್ಳು ಹೇಳುವ ಹಾಗಿಲ್ಲ. ಹುಡುಗರಾಗಿದ್ದಾಗ ಅದನ್ನು ಆಟ ಮಾಡಿಕೊಂಡಿದ್ದೆವು. ದೊಡ್ಡವರು ಆಟ ಮಾಡುತ್ತಿರಲಿಲ್ಲ. ಇಪ್ಪತ್ಮೂರು ದಿನದಿಂದ ಈ ಮುದುಕ ನಶ್ಯವನ್ನೇ ಬಿಟ್ಟಿದ್ದ.

“ತಗೋ ಔಗುಸ್ತಿನಣ್ಣ,” ಅಂದೆ, “ಒಂದು ಚಿಟಿಕೆ ಏರಿಸಿ ಹೇಳು. ಹಗ್ಗ ಎಳೆದದ್ದು ಯಾರು?”

ಅವನು ಕೊಂಬಿನ ಮುಚ್ಚಳ ಹಾಕಿದ. “ನಾನೇ ಕೊಂದೆ ಅಂತ ಬರ್ಕೊಂಡಿದಾರಲ್ಲ ತಂಗಿ. ಸಾಕು ಬಿಡು.”

“ಸಾಕಾ?” ಬ್ರಿಗೀದಾ ನನ್ನನ್ನು ಸರಿಸಿ ಮುಂದೆ ಬಂದಳು. ಅಪ್ಪನ ಜೊತೆ ಅವಳು ಮಾತಾಡಿದ್ದು ಅಷ್ಟು ದಿನದ ಮೇಲೆ ಅದೇ ಮೊದಲು. “ಫೆಲಿಕ್ಸ್ ನಿನ್ನ ಮಗನಿಗೆ ನಮಸ್ಕಾರ ಮಾಡ್ತಾ ಸತ್ತ ಅಪ್ಪಾ. ಹಗ್ಗ ಅವನ ಕೈಲಿತ್ತು. ಅಷ್ಟನ್ನಾದ್ರೂ ಅವನಿಗೆ ಕೊಡು!”

ಮುದುಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕಂಪನಿಯ ಸಮವಸ್ತ್ರ ತೊಟ್ಟ ಹುಡುಗನೊಬ್ಬ ಮೇಲೆ ಬಂದು, ನಮ್ಮನ್ನು ನೋಡಿ, ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟ. ರೈಮುಂದ್. ತಾರ್ವೊ ಅವನನ್ನು ಹನ್ನೆರಡಕ್ಕೆ ಇಲ್ಲಿಗೆ ಬರಹೇಳಿದ್ದನಂತೆ, ನಾಳೆಯ ಹೇಳಿಕೆಗೆ ತಯಾರು ಮಾಡಲು.

ಇಪ್ಪತ್ನಾಲ್ಕು ವರ್ಷದ ಮುಖ, ನಲವತ್ತರ ಹಾಗೆ ಕಾಣುತ್ತಿತ್ತು.

ಬ್ರಿಗೀದಾ ಅಪ್ಪನ ಕೈಯಿಂದ ಕೊಂಬು ಕಿತ್ತುಕೊಂಡಳು. ಮುಚ್ಚಳ ತೆಗೆದು, ಐದು ಹೆಜ್ಜೆ ನಡೆದು, ತಮ್ಮನ ಮುಖದ ಮುಂದೆ ಹಿಡಿದಳು.

“ತಗೋ.”

“ಬೇಡ ಬ್ರಿಗೀದಾ,” ಅಂದ ಔಗುಸ್ತಿನಣ್ಣ. “ಬೇಡ ಮಗಳೇ, ನಿನ್ನ ಕಾಲಿಗೆ ಬೀಳ್ತೀನಿ.”

“ತಗೋಳೋ.”

ಕೊಂಬು ಚಾಚಿದಾಗ ಬೇಡ ಅಂದರೆ ಸಂಬಂಧ ಮುರಿದ ಹಾಗೆ. ಅದು ಅವನಿಗೂ ಗೊತ್ತು. ಅಕ್ಕನ ಕಪ್ಪು ಬಟ್ಟೆಯನ್ನು ನೋಡಿದ. ಎರಡು ಬೆರಳು ಹಾಕಿ ಒಂದು ಚಿಟಿಕೆ ತೆಗೆದು ಮೂಗಿಗೆ ಏರಿಸಿದ. ಕಣ್ಣಲ್ಲಿ ನೀರು ತುಂಬಿತು, ನಶ್ಯಕ್ಕೋ ಏನಕ್ಕೋ.

“ನಿದ್ದೇಲಿದ್ದೆಯಾ?” ಅಂತ ಕೇಳಿದಳು.

“ಇಲ್ಲ. ಮೇಲೆ ಚುಕ್ಕಾಣಿ ಕೋಣೇಲಿದ್ದೆ.”

“ಹಾರ್ನ್?”

“ನಾನೇ ಹೊಡೆದೆ ಅಕ್ಕಾ. ಫೆಲಿಕ್ಸ್ ಭಾವ ಶಂಕು ಇಳಿಸಿ ನಗ್ತಾ ಕೈ ಬೀಸಿದ.” ಅವನು ಅಪ್ಪನ ಕಡೆ ತಿರುಗಿದ. “ಆದ್ರೆ ಚುಕ್ಕಾಣಿ ನನ್ನ ಕೈಲಿರ್ಲಿಲ್ಲ. ತಿರುಗಿಸಿ, ಸಾಕು ತಿರುಗಿಸಿ ಅಂತ ಕಿರುಚಿದೆ. ಇನ್ನೂ ಹತ್ರ ಹೋಗೋಣ, ಹೆದರುಪುಕ್ಕ ಅಂತ ನಕ್ಕರು.”

ಔಗುಸ್ತಿನಣ್ಣ ಬೆಂಚಿನಿಂದ ಎದ್ದ. ಇಷ್ಟು ದಿನ ತಪ್ಪು ಮಗನದ್ದೇ ಅಂದುಕೊಂಡು ಎಲ್ಲವನ್ನೂ ತಲೆಯ ಮೇಲೆ ಹೊತ್ತವನು, ಬಾಯಿ ತೆರೆದು ನಿಂತ.

“ಯಾರು ನಕ್ಕದ್ದು?” ಅಂದಳು ಬ್ರಿಗೀದಾ. “ಚುಕ್ಕಾಣಿ ಯಾರ ಕೈಲಿತ್ತು?”

ರೈಮುಂದ್ ಅಕ್ಕನ ಹೆಗಲ ಮೇಲಿಂದ ನೋಡಿದ. ನಾನೂ ತಿರುಗಿದೆ. ಬಾಗಿಲಲ್ಲಿ ಕ್ಯಾಪ್ಟನ್ ತಾರ್ವೊ ಟೋಪಿ ಹಾಕಿಕೊಂಡು ನಿಂತಿದ್ದ. ಅವನು ಚೀಲದಿಂದ ಒಂದು ಹಾಳೆ ತೆಗೆದು ಎತ್ತಿ ಹಿಡಿದ. ಅದರ ಕೆಳಗಿನ ಸಹಿ ನನಗೆ ಅಲ್ಲಿಂದಲೇ ಕಂಡಿತು.

“ಯೋಚನೆ ಮಾಡಿ ಹೇಳು ರೈಮುಂದ್,” ಅಂದ. “ಮಲಗಿದ್ದೆ ಅಂತ ನೀನೇ ಪ್ರಮಾಣ ಮಾಡಿ ಬರೆದು ಕೊಟ್ಟಿದೀಯ. ಇಲ್ಲ ಅಂದ್ರೆ ಸುಳ್ಳು ಪ್ರಮಾಣ. ಹಾರ್ನ್ ಹೊಡೆದೆ ಅಂದ್ರೆ ಹೊಡೆದೋನೇ ಸಿಕ್ಕಿಬೀಳೋನು. ಚುಕ್ಕಾಣಿ ಹತ್ರ ಬೇರೆ ಯಾರಿದ್ರು ಅಂತ ಯಾವ ಪುಸ್ತಕದಲ್ಲಿ ಬರೆದಿದೆ?”

“ನೀನು ಹೇಳೋ,” ಅಂದ ಔಗುಸ್ತಿನಣ್ಣ. ಅವನ ದನಿಯಲ್ಲಿ ಹಳೆಯ ದೋಣಿ ಯಜಮಾನ ಮರಳಿ ಬಂದಿದ್ದ. “ಹೇಳು ಮಗನೇ. ನಾನಿದೀನಿ. ಸೀನು ಬರೋಕೆ ಮುಂಚೆ ಹೇಳು.”

ಹುಡುಗ ಬಾಯಿ ತೆರೆದ. ಒಮ್ಮೆ ಅಪ್ಪನನ್ನು ನೋಡಿದ, ಒಮ್ಮೆ ಆ ಹಾಳೆಯನ್ನು.

ಅವನಿಗೆ ಸೀನು ಬಂತು.